ಹಳೇ ಪೋರ್ಷೆ ಹುಡುಕ್ಕೊಂಡು ಸ್ಟುಟ್‌ಗಾರ್ಟ್‌ಗೆ

ಗುರುವಾರ

ಭಾವ ಜರ್ಮನಿ ಸೇರಿ ಹತ್ತು ವರ್ಷದ ಮೇಲಾಯ್ತು. ಇಷ್ಟು ವರ್ಷ ಬಾರೋ ಬಾರೋ ಅಂತ ಬಾಯಿಮಾತಿಗೆ ಕರೀತಿದ್ದೋರು ಈ ಸಲ ತಾವೇ ಟಿಕೆಟ್ ಹಾಕಿ ಕಳಿಸಿದಾಗ್ಲೇ ಏನೋ ಇದೆ ಅನ್ಕೊಂಡೆ. ವಿಷಯ ಏನಂದ್ರೆ ಅವರಿಗೆ ಒಂದು ಹಳೇ ಪೋರ್ಷೆ 914 ಕಾರು ತಗೊಳ್ಳೋ ಹುಚ್ಚು ಹತ್ತಿದೆ, ನಾನು ಮೈಸೂರಲ್ಲಿ ಜಾವಾ ಯೆಜ್ಡಿ ಬಿಚ್ಚಿ ಜೋಡಿಸ್ಕೊಂಡಿರೋನು, "ತುಕ್ಕೆಲ್ಲಿದೆ ಪುಟ್ಟಿ ಎಲ್ಲಿದೆ ಅಂತ ನಿನ್ ಕಣ್ಣಿಗೆ ಬೀಳತ್ತೆ, ನನ್ ಕಣ್ಣಿಗೆ ಬೀಳಲ್ಲ, ಬಂದು ನೋಡಿ ಹೇಳು" ಅಂದ್ರು. ಅಕ್ಕನ ಫೋನು ಬೇರೆ ಬಂತು. "ಮನೆ ಲೋನೇ ತೀರಿಲ್ಲ, ಇವರಿಗೆ ಎರಡೇ ಸೀಟಿನ ಕಾರ್ ಬೇಕಂತೆ, ನೀನಾದ್ರೂ ಬೇಡ ಅನ್ನೋ."

ಬೆಂಗಳೂರಿಂದ ಫ್ರಾಂಕ್‌ಫರ್ಟು, ಅಲ್ಲಿಂದ ಟ್ರೈನಲ್ಲಿ ಸ್ಟುಟ್‌ಗಾರ್ಟ್. ಬ್ಯಾಗ್ ಇಟ್ಟು ಅನ್ನ ಸಾರು ಊಟ ಮಾಡಿದ್ದೇ ಭಾವ "ಮಲಗಿದ್ರೆ ರಾತ್ರಿ ನಿದ್ದೆ ಬರಲ್ಲ, ನಡಿ" ಅಂತ ಮರ್ಸಿಡಿಸ್ ಮ್ಯೂಸಿಯಂಗೆ ಎಳ್ಕೊಂಡ್ ಹೋದ್ರು. ಲಿಫ್ಟಲ್ಲಿ ಮೇಲಕ್ಕೆ ಹೋಗಿ ಸುತ್ತಿ ಸುತ್ತಿ ಕೆಳಗಿಳಿಯೋ ಕಟ್ಟಡ ಅದು, 1886ರಿಂದ ಶುರುವಾಗಿ ಇಳೀತಾ ಇಳೀತಾ ಇವತ್ತಿನವರೆಗೂ ಬರತ್ತೆ. ಎಲ್ಲಾ ಬರೆಯೋಕೆ ಹೋದ್ರೆ ಮುಗಿಯಲ್ಲ, ನಾನು ಅರ್ಧ ನಿದ್ದೆಗಣ್ಣಲ್ಲಿದ್ದೆ ಬೇರೆ.

ಒಂದು ವಿಷಯ ಮಾತ್ರ ನಿದ್ದೆ ಬಿಡಿಸ್ತು. 1955ರಲ್ಲಿ ಇವರು 300 ಎಸ್‌ಎಲ್‌ಆರ್ ರೇಸ್ ಕಾರಿನ ಮೇಲೆ ಮೇಲೇಳೋ ಬಾಗಿಲಿನ, ಛಾವಣಿ ಇರೋ ಕೂಪೆ ಬಾಡಿ ಹಾಕಿ ಎರಡೇ ಎರಡು ಕಾರು ಮಾಡಿದ್ರು, ಇಂಜಿನಿಯರ್ ರುಡಾಲ್ಫ್ ಉಲೆನ್‌ಹಾಟ್ ಅದರಲ್ಲಿ ಒಂದನ್ನ ಆಫೀಸ್ ಕಾರಿನ ತರ ಓಡಿಸ್ಕೊಂಡಿದ್ರು. ಆ ಎರಡರಲ್ಲಿ ಒಂದನ್ನ 2022ರ ಮೇ 5ಕ್ಕೆ ಇದೇ ಮ್ಯೂಸಿಯಂ ಒಳಗೆ ಹರಾಜು ಹಾಕಿದ್ರು, ಹೋಗಿದ್ದು 13.5 ಕೋಟಿ ಯೂರೋಗೆ. ನಮ್ಮ ದುಡ್ಡಲ್ಲಿ ಸಾವಿರ ಕೋಟಿಗೂ ಮೇಲೆ. ಅಲ್ಲೀವರೆಗೂ ಹರಾಜಿನ ರೆಕಾರ್ಡ್ ಅಂದ್ರೆ 2018ರಲ್ಲಿ 4.84 ಕೋಟಿ ಡಾಲರ್‌ಗೆ ಹೋಗಿದ್ದ ಒಂದು ಫೆರಾರಿ 250 ಜಿಟಿಓ, ಅದನ್ನ ಡಬಲ್‌ಗಿಂತ ಜಾಸ್ತಿ ದಾಟಿ ಬಿಸಾಕ್ತು ಇದು. ಆ ಜಿಟಿಓ 1962ರಲ್ಲಿ ಹೊಸದಾಗಿ ಬಂದಾಗ ಅಮೆರಿಕಾದಲ್ಲಿ ಸುಮಾರು 18 ಸಾವಿರ ಡಾಲರ್ ಅಷ್ಟೇ.

ಇಂಥ ರೇಟಿಗೂ ಭಾವನ 914ಕ್ಕೂ ಏನು ಸಂಬಂಧ ಅಂತ ಕೇಳಿದೆ. "ಮೇಲಿನೋರದ್ದು ಏರಿದ್ರೆ ಕೆಳಗಿನೋರದ್ದೂ ಏರತ್ತಪ್ಪ" ಅಂದ್ರು. ಮರ್ಸಿಡಿಸ್‌ನ ಮೇಲೇಳೋ ಬಾಗಿಲಿನ ಗಲ್‌ವಿಂಗ್ ಕೈಗೆ ಸಿಗದೋರು ಅದೇ ಕಂಪನಿಯ ಪಗೋಡಾಗೆ ಬಂದ್ರು, ಪೋರ್ಷೆ 911 ಸಿಗದೋರು ಅದರ ಅಗ್ಗದ ತಮ್ಮ 912ಕ್ಕೆ ಬಂದ್ರು, ಅದೂ ಸಿಗದೋರು 914ಕ್ಕೆ. ನಮ್ಮೂರಲ್ಲೂ ಅದೇ ಕಥೆ ಅಲ್ವಾ, ಒಂದು ಕಾಲಕ್ಕೆ ಗುಜರಿ ರೇಟಿಗೆ ಕೇಳೋರಿಲ್ಲದ ಯೆಜ್ಡಿ ರೋಡ್‌ಕಿಂಗ್ ಬೈಕಿಗೆ ಈಗ ಲಕ್ಷದ ಮೇಲೆ ಹೇಳ್ತಾರೆ.

ಶುಕ್ರವಾರ

ಎಸ್6 ಲೋಕಲ್ ಟ್ರೈನ್ ಹತ್ತಿ ಪೋರ್ಷೆ ಮ್ಯೂಸಿಯಂ ಎದುರಲ್ಲೇ ಇಳಿಯೋದು, ಫ್ಯಾಕ್ಟರಿನೂ ಅಲ್ಲೇ. ಇದು ಮರ್ಸಿಡಿಸ್‌ದಷ್ಟು ದೊಡ್ಡದಲ್ಲ, ನಂಗೆ ಇದೇ ಇಷ್ಟ ಆಯ್ತು, ಯಾಕಂದ್ರೆ ಇಲ್ಲಿ ನೋಡಬೇಕಾಗಿದ್ದು ಒಂದೇ ಕಾರು, ಅದರ ಮುಂದೆ ಎಷ್ಟು ಹೊತ್ತು ಬೇಕಾದ್ರೂ ನಿಲ್ಲಬಹುದಿತ್ತು.

ಕೆಂಪು 901, ನಂಬರ್ 57. 1963ರ ಫ್ರಾಂಕ್‌ಫರ್ಟ್ ಕಾರ್ ಶೋನಲ್ಲಿ ಪೋರ್ಷೆ ಈ ಮಾಡೆಲ್‌ನ 901 ಅಂತಾನೇ ತೋರಿಸಿದ್ದು, ಆಮೇಲೆ ಫ್ರಾನ್ಸಿನ ಪೂಜೋ ಕಾರ್ ಕಂಪನಿಯೋರು ಮಧ್ಯ ಸೊನ್ನೆ ಬರೋ ಮೂರಂಕಿ ಹೆಸರು ನಮ್ಮದು ಅಂತ ತಕರಾರು ತೆಗೆದ್ರು, ಹಂಗಾಗಿ 911 ಆಯ್ತು. ಅಷ್ಟೊತ್ತಿಗೆ 901 ಅಂತ 82 ಕಾರು ಆಗೋಗಿದ್ವು. ಮ್ಯೂಸಿಯಂನೋರ ಹತ್ರಾನೇ ಒಂದೂ ಇರ್ಲಿಲ್ಲವಂತೆ. 2014ರಲ್ಲಿ ಹಳೇ ಸಾಮಾನು ಹುಡುಕೋ ಟಿವಿ ಕಾರ್ಯಕ್ರಮದೋರು ಬ್ರಾಂಡೆನ್‌ಬುರ್ಗ್ ಕಡೆ ಒಂದು ಕೊಟ್ಟಿಗೆಯಲ್ಲಿ ಎರಡು ಹಳೇ 911 ನೋಡಿ ಮ್ಯೂಸಿಯಂಗೆ ಫೋನ್ ಮಾಡಿದ್ರು. ಚಾಸಿ ನಂಬರ್ ನೋಡಿದ್ರೆ ಒಂದು 901! ವ್ಯಾಲ್ಯುಯರ್ ಬಂದು ಒಂದಕ್ಕೆ 14,500 ಯೂರೋ, ಈ ಕೆಂಪು ಡಬ್ಬಕ್ಕೆ 1,07,000 ಯೂರೋ ಅಂತ ಬೆಲೆ ಕಟ್ಟಿದ್ರು, ಮ್ಯೂಸಿಯಂ ಎರಡನ್ನೂ ತಗೊಳ್ತು.

ಸಿಕ್ಕಾಗ ತೆಗೆದ ಫೋಟೋ ನೋಡಿದ್ರೆ ಎದೆ ಝಲ್ ಅನ್ನತ್ತೆ. ಮುಂದಿನ ಚಕ್ರಗಳ ಮೇಲಿನ ತಗಡು, ಅಂದ್ರೆ ಫೆಂಡರ್‌ಗಳೇ ಇಲ್ಲ, ತುಕ್ಕು ತಿಂದು ಅಲ್ಲಲ್ಲಿ ತಗಡೇ ಮಾಯ. ನಮ್ಮ ಟಿಂಕರ್ ಯಾರಾದ್ರೂ ಆಗಿದ್ರೆ ಇಡೀ ಬಾಡಿನೇ ಹೊಸ ತಗಡಲ್ಲಿ ಹೊಡೆದು ನಿಲ್ಲಿಸ್ತಿದ್ದ. ಇವರು ಮೂರು ವರ್ಷ ತಗೊಂಡ್ರು, ಬೇಕಾದ ತಗಡಿನ ಭಾಗಗಳನ್ನ ಅದೇ ಕಾಲದ ಇನ್ನೊಂದು ಕಾರಿಂದ ಕತ್ತರಿಸಿ ತಂದು ಬೆಸುಗೆ ಹಾಕಿದ್ರು, ಉಳಿಸೋಕೆ ಆಗಿದ್ದನ್ನೆಲ್ಲ ಉಳಿಸ್ಕೊಂಡ್ರು, 2017ರ ಕೊನೆಗೆ ತೋರಿಸಿದ್ರು.

ನಂಗೆ ಹೊಳೆದಿದ್ದು ಏನಂದ್ರೆ, ಈ ಕಾರು 1980ರಲ್ಲಿ ಸಿಕ್ಕಿದ್ರೆ ಯಾರೂ ಮೂರು ವರ್ಷ ಕೂರ್ತಿರ್ಲಿಲ್ಲ. ಆಗ ರಿಪೇರಿ ಖರ್ಚು ಕಾರಿನ ಬೆಲೆಗಿಂತ ಹತ್ತು ಪಟ್ಟು ಆಗ್ತಿತ್ತು, ಸೀದಾ ಗುಜರಿಗೆ. ರೇಟು ಏರಿದೆ ಅಂತ ಎಲ್ರೂ ಬಯ್ಕೊಳ್ತೀವಿ, ನಾನೂ ಬಯ್ತೀನಿ, ಆದ್ರೆ ಏರಿದ್ದಕ್ಕೇ ಇದು ಬದುಕಿದ್ದು. ಹಂಗಂತ ಭಾವನ ಹತ್ರ ಅಂದೆ, ಅವರಿಗೆ ತಮ್ಮ ವಾದಕ್ಕೆ ಸಾಕ್ಷಿ ಸಿಕ್ತು ಅಂತ ಖುಷಿ, ರಾತ್ರಿ ಊಟಕ್ಕೆ ಕೂತಾಗ ಅಕ್ಕನ ಮುಂದೆ ಅದನ್ನೇ ರಿಪೀಟ್ ಮಾಡಿದ್ರು. ಅಕ್ಕ "ಅದು ಮ್ಯೂಸಿಯಂ ದುಡ್ಡು" ಅಂದ್ಲು.

ಶನಿವಾರ

ಏರ್‌ಪೋರ್ಟ್ ಪಕ್ಕದ ಎಕ್ಸಿಬಿಷನ್ ಹಾಲ್‌ಗಳಲ್ಲಿ ರೆಟ್ರೋ ಕ್ಲಾಸಿಕ್ಸ್ ಅನ್ನೋ ಹಳೇ ಕಾರುಗಳ ಮೇಳ. ಹಾಲ್ ಮೇಲೆ ಹಾಲು, ಕಾಲು ಬಿದ್ದೋಗತ್ತೆ. ಭಾವ ಪೇಂಟ್ ದಪ್ಪ ಅಳೆಯೋ ಮೀಟರ್ ಒಂದನ್ನ ಆನ್‌ಲೈನ್‌ನಲ್ಲಿ ತರಿಸಿಟ್ಕೊಂಡಿದ್ರು, ಅದನ್ನ ಜೇಬಲ್ಲಿ ಹಾಕ್ಕೊಂಡು ಮದುವೆ ಮನೆಗೆ ಬಂದ ಹುಡುಗನ ಕಡೆಯೋರ ತರ ಬಿಗುಮಾನದಲ್ಲಿ ಓಡಾಡ್ತಿದ್ರು.

ಇಲ್ಲಿ ಹಳೇ ಕಾರಿಗೆ 1ರಿಂದ 5ರವರೆಗೆ ಗ್ರೇಡ್ ಕೊಡೋ ಪದ್ಧತಿ ಇದೆ, 1 ಅಂದ್ರೆ ಹೊಸದಕ್ಕಿಂತ ಕಮ್ಮಿ ಇಲ್ಲ, 5 ಅಂದ್ರೆ ಬಿಡಿಭಾಗಕ್ಕೆ ಮಾತ್ರ. ಜರ್ಮನ್ ಸ್ಕೂಲ್ ಮಾರ್ಕ್ಸ್ ತರಾನೇ, ಚಿಕ್ಕ ನಂಬರ್ ಬಂದಷ್ಟೂ ಒಳ್ಳೇದು. ತಮಾಷೆ ಅಂದ್ರೆ ಹಾಲ್ ತುಂಬ ಸುತ್ತಿದ್ರೂ ಬೋರ್ಡ್ ಮೇಲೆ 3 ಅಂತ ಬರ್ಕೊಂಡ ಕಾರು ಕಾಣೋದೇ ಅಪರೂಪ. ಎಲ್ಲಾ 2, ಇಲ್ಲ 2 ಪ್ಲಸ್, ಕೆಲವು 1 ಮೈನಸ್. ಕ್ಲಾಸಲ್ಲಿ ಎಲ್ರೂ ಡಿಸ್ಟಿಂಕ್ಷನ್ ಅಂದ್ರೆ ಪೇಪರ್ ತಿದ್ದಿದೋರ ಮೇಲೇ ಡೌಟ್ ಬರತ್ತೆ ಅಲ್ವಾ.

ಒಂದು ಬಿಳಿ ಪಗೋಡಾ ಇತ್ತು, 280 ಎಸ್‌ಎಲ್, ಒಂದೂಕಾಲು ಲಕ್ಷ ಯೂರೋ ಬೋರ್ಡು. ದೂರದಿಂದ ಕಣ್ಣು ಕುಕ್ಕೋ ತರ ಹೊಳೀತಿತ್ತು. ಇದರಲ್ಲಿ ನೋಡಬೇಕಾದ್ದು ಹೊಳಪಲ್ಲ. ಬಾನೆಟ್ ಎತ್ತಿದ್ರೆ ಫೆಂಡರ್ ಅಂಚು ಒಳಗಿನ ತಗಡಿಗೆ ಕೂಡೋ ಕಡೆ ಫ್ಯಾಕ್ಟರಿಯ ಸ್ಪಾಟ್ ವೆಲ್ಡಿಂಗ್ ಗುಳಿಗಳು ಸಾಲಾಗಿ ಕಾಣಬೇಕು, ಸಣ್ಣ ಸಣ್ಣ ಗುಂಡಗಿನ ತಗ್ಗು. ಇದರಲ್ಲಿ ಎಡಗಡೆ ಸಾಲಾಗಿತ್ತು, ಬಲಗಡೆ ಬೆಣ್ಣೆ ಸವರಿದಂಗೆ ನುಣ್ಣಗೆ. ಅಂದ್ರೆ ಬಲಗಡೆ ಫೆಂಡರ್ ಯಾವತ್ತೋ ಬದಲಾಗಿದೆ, ಆ್ಯಕ್ಸಿಡೆಂಟೋ ತುಕ್ಕೋ. ಅಲ್ಲಿದ್ದ ಸೇಲ್ಸ್‌ನವನಿಗೆ ಭಾವ ಜರ್ಮನ್‌ನಲ್ಲಿ ಕೇಳಿದ್ರೆ ಅವನು ಚರ್ಮದ ಸೀಟಿನ ಬಗ್ಗೆ ಹೇಳೋಕೆ ಶುರು ಮಾಡ್ದ. ಮೀಟರ್ ಇಡ್ಲಾ ಅಂದ್ರೆ ಬೇಡ, ಗೀಟು ಬೀಳತ್ತೆ ಅಂದ. ಆ ಮೀಟರ್‌ನಿಂದ ಗೀಟೂ ಬೀಳಲ್ಲ ಏನೂ ಬೀಳಲ್ಲ, ರೇಟ್ ಬೀಳತ್ತೆ ಅಷ್ಟೇ.

ಇನ್ನೊಂದು ಸ್ಟಾಲಲ್ಲಿ ಕಿತ್ತಳೆ ಬಣ್ಣದ 914, ಹಿಂದೆ ದೊಡ್ಡದಾಗಿ 914/6 ಅಂತ ಬ್ಯಾಡ್ಜು, ಬೆಲೆ ಆರಂಕಿ. ಇಲ್ಲಿ ಸ್ವಲ್ಪ ಹಿನ್ನೆಲೆ ಹೇಳ್ಬೇಕು. 914 ಅನ್ನೋದು 1969ರಲ್ಲಿ ಫೋಕ್ಸ್‌ವ್ಯಾಗನ್ ಪೋರ್ಷೆ ಎರಡೂ ಸೇರಿ ತಂದ ಕಾರು, ಇಂಜಿನ್ ಸೀಟಿನ ಹಿಂದೆ ಮಧ್ಯದಲ್ಲಿ, ಮುಂದೊಂದು ಡಿಕ್ಕಿ ಹಿಂದೊಂದು ಡಿಕ್ಕಿ, ಮೇಲಿನ ಛಾವಣಿ ತೆಗೆದು ಹಿಂದಿನ ಡಿಕ್ಕಿಯಲ್ಲಿ ಇಟ್ಕೋಬಹುದು. ಮಾಮೂಲಿ 914ಕ್ಕೆ ಫೋಕ್ಸ್‌ವ್ಯಾಗನ್‌ನ ನಾಲ್ಕು ಸಿಲಿಂಡರ್ ಇಂಜಿನ್ನು, ಶುರುವಿನಲ್ಲಿ 80 ಎಚ್‌ಪಿ, ಆಮೇಲೆ ಎರಡು ಲೀಟರಿಂದು ಬಂದಾಗ 100. 914/6 ಅನ್ನೋದಕ್ಕೆ 911ರ ಆರು ಸಿಲಿಂಡರ್ ಇಂಜಿನ್ನು. 1976ರವರೆಗೆ ಒಟ್ಟು ಒಂದು ಲಕ್ಷದ ಮೇಲೆ 914 ಮಾಡಿದ್ರೂ ಅದರಲ್ಲಿ ಸಿಕ್ಸ್ ಬಂದಿದ್ದು ಮೂರು ಸಾವಿರ ಚಿಲ್ಲರೆ ಅಷ್ಟೇ. ಹಂಗಾಗಿ ನಾಲ್ಕು ಸಿಲಿಂಡರ್ ಬಾಡಿಗೆ 911ರ ಇಂಜಿನ್ ಕೂರಿಸಿ ಬ್ಯಾಡ್ಜ್ ಹಾಕೋ ಆಸೆ ಜನಕ್ಕೆ ಮುಂಚಿಂದ್ಲೂ ಇದೆ. ಇದರ ಚಕ್ರಕ್ಕೆ ಸಿಕ್ಸ್‌ನ ತರಾನೇ ಐದು ಬೋಲ್ಟು, ಇಂಜಿನ್ ಸೌಂಡು, ಎಲ್ಲಾ ಸರಿ. ಮುಂದಿನ ಡಿಕ್ಕಿ ತೆಗೆದು ಚಾಸಿ ನಂಬರ್ ನೋಡಿದ್ವಿ, 47ರಿಂದ ಶುರು. ನಿಜವಾದ ಸಿಕ್ಸ್ ಆಗಿದ್ರೆ 914ರಿಂದ ಶುರುವಾಗ್ಬೇಕು. ಕೇಳಿದ್ರೆ "ಕನ್ವರ್ಷನ್ ಅಂತ ಪೇಪರಲ್ಲಿ ಬರೆದಿದೀವಲ್ಲ" ಅಂತ ಎಂಟನೇ ಪಾಯಿಂಟ್ ಪುಟ್ಟ ಅಕ್ಷರದಲ್ಲಿ ತೋರಿಸಿದ್ರು. ಸುಳ್ಳಲ್ಲ, ನಿಜಾನೂ ಅಲ್ಲ.

ಇಡೀ ಮೇಳದಲ್ಲಿ ನಂಗೆ ತುಂಬ ಇಷ್ಟ ಆಗಿದ್ದು ಒಂದು ಮೂಲೆಯಲ್ಲಿದ್ದ ಒರಿಜಿನಲ್ ಪೇಂಟಿನ 911, ಮೊಣಕೈ ಇಟ್ಟಿಟ್ಟು ಬಾಗಿಲ ಮೇಲಂಚಿನಲ್ಲಿ ಬಣ್ಣ ಸವೆದು ಪ್ರೈಮರ್ ಕಾಣ್ತಿತ್ತು. ಓನರ್ರೇ ಮೀಟರ್ ಇಟ್ಟು ನೋಡಿ ಅಂದ್ರು, ಎಲ್ಲಿಟ್ರೂ 110, 125, 118 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಹಂಗೆ. ಪುಟ್ಟಿ ಇದ್ರೆ ಸಾವಿರ ದಾಟತ್ತೆ. ಇದಕ್ಕೆ ಪಕ್ಕದಲ್ಲಿದ್ದ ಫುಲ್ ರೆಸ್ಟೋರ್ ಆದ ಕಾರಿಗಿಂತ ಜಾಸ್ತಿ ರೇಟು. ಮುಂಚೆ ಉಲ್ಟಾ ಇತ್ತು. 2015ರಲ್ಲಿ ಪ್ಯಾರಿಸ್‌ನಲ್ಲಿ ಬಾಯೋನ್ ಅನ್ನೋರ ಹಳೇ ಕಾರುಗಳ ಕಲೆಕ್ಷನ್ ಹರಾಜಾದಾಗ ಹಳೇ ಮ್ಯಾಗಜೀನ್ ಕಂತೆಗಳ ಕೆಳಗೆ ದಶಕಗಳ ಕಾಲ ಬಿದ್ದಿದ್ದ ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ ಸ್ಪೈಡರ್ ಧೂಳು ಒರೆಸದೇ 1.63 ಕೋಟಿ ಯೂರೋಗೆ ಹೋಯ್ತಲ್ಲ, ಆವಾಗಿಂದ ಧೂಳಿಗೂ ಬೆಲೆ ಬಂತು ಅಂತ ಭಾವ ಹೇಳಿದ್ರು.

ಭಾನುವಾರ

ಇಲ್ಲಿ ಭಾನುವಾರ ಅಂಗಡಿ ಎಲ್ಲಾ ಬಂದ್. ಅಕ್ಕ ಬಿಸಿಬೇಳೆಬಾತ್ ಮಾಡಿದ್ಲು. ಸಂಜೆ ಬೋಬ್ಲಿಂಗೆನ್‌ನಲ್ಲಿ ಹಳೇ ಏರ್‌ಪೋರ್ಟ್ ಜಾಗದಲ್ಲಿರೋ ಮೋಟರ್‌ವರ್ಲ್ಡ್‌ಗೆ ಹೋಗಿ ಕಾಫಿ ಕುಡಿದ್ವಿ. ಅಲ್ಲಿ ಕಾರುಗಳನ್ನ ಗಾಜಿನ ಪೆಟ್ಟಿಗೆಗಳಲ್ಲಿ ಒಂದರ ಮೇಲೊಂದು ಇಟ್ಟಿರ್ತಾರೆ, ಓನರ್‌ಗಳು ತಿಂಗಳ ಬಾಡಿಗೆ ಕೊಡ್ತಾರೆ, ನಾವು ಕೆಳಗೆ ನಿಂತು ಕತ್ತೆತ್ತಿ ನೋಡೋದು. ಬಹಳಷ್ಟು ಕಾರಿನ ಟೈರ್ ನೋಡಿದ್ರೆ ಗೊತ್ತಾಗತ್ತೆ, ರೋಡ್ ಕಂಡು ಯಾವ ಕಾಲ ಆಯ್ತೋ. ಧರ್ಮಸ್ಥಳದ ಕಾರ್ ಮ್ಯೂಸಿಯಂನಲ್ಲಿ ನಿಂತಿರೋ ಕಾರು ನೋಡಿದ್ರೆ ಬೇಜಾರಾಗಲ್ಲ, ಅದು ಎಲ್ರೂ ನೋಡ್ಲಿ ಅಂತ ಇಟ್ಟಿರೋದು. ಇದು ಲಾಕರ್.

ಯಾಕೆ ಲಾಕರ್ ಆಯ್ತು ಅಂದ್ರೆ, 2008ರ ಹಣಕಾಸಿನ ಗಲಾಟೆ ಆದ್ಮೇಲೆ ಯೂರೋಪಲ್ಲಿ ಬ್ಯಾಂಕ್ ಬಡ್ಡಿ ಸೊನ್ನೆ ಹತ್ರ ಹೋಯ್ತು, ದುಡ್ಡಿರೋರು ಎಲ್ಲಿ ಹಾಕೋದು ಅಂತ ನೋಡಿದ್ರು. ಜರ್ಮನಿಯಲ್ಲಿ ಸಾಮಾನ್ಯವಾಗಿ ಕಾರನ್ನ ಒಂದು ವರ್ಷ ಇಟ್ಕೊಂಡು ಮಾರಿದ್ರೆ ಆ ಲಾಭಕ್ಕೆ ಖಾಸಗಿ ವ್ಯಕ್ತಿಗೆ ಟ್ಯಾಕ್ಸ್ ಬೀಳಲ್ಲ. 30 ವರ್ಷ ದಾಟಿ ಒರಿಜಿನಲ್ ಸ್ಥಿತಿಯಲ್ಲಿದ್ರೆ ನಂಬರ್ ಪ್ಲೇಟ್ ಕೊನೆಗೆ ಎಚ್ ಅಕ್ಷರ ಸಿಗತ್ತೆ, ಎಷ್ಟೇ ದೊಡ್ಡ ಇಂಜಿನ್ ಇರ್ಲಿ ರೋಡ್ ಟ್ಯಾಕ್ಸ್ ವರ್ಷಕ್ಕೆ 191 ಯೂರೋ ಚಿಲ್ಲರೆ. 1998ಕ್ಕೆ ಗಾಳಿಯಿಂದ ತಣಿಯೋ ಇಂಜಿನ್‌ನ 911 ನಿಂತೋಯ್ತು, ಇನ್ನು ಹೊಸದು ಬರಲ್ಲ. ಇದೆಲ್ಲ ಸೇರಿ ಏರ್ತು. ಏರಿದ್ದು ಇಳಿಯಲ್ಲ ಅಂತೇನಿಲ್ಲ, 1988ರಲ್ಲಿ ಫೆರಾರಿ ಕಂಪನಿ ಕಟ್ಟಿದ ಎಂಜೋ ಫೆರಾರಿ ತೀರ್ಕೊಂಡ್ಮೇಲೆ ಫೆರಾರಿ ರೇಟು ಹುಚ್ಚಾಪಟ್ಟೆ ಏರಿ ತೊಂಬತ್ತರ ಶುರುವಿನಲ್ಲಿ ಧೊಪ್ಪಂತ ಬಿತ್ತು. ಈಗ್ಲೂ 2022ರಿಂದ ಬಡ್ಡಿ ಏರಿದ್ಮೇಲೆ ಸ್ವಲ್ಪ ತಣ್ಣಗಾಗಿದೆ. ಇದನ್ನ ಅಕ್ಕನ ಮುಂದೆ ಹೇಳ್ಬೇಡ ಅಂತ ಭಾವ ಸನ್ನೆ ಮಾಡಿದ್ರು, ಅವಳು ಅಷ್ಟೊತ್ತಿಗೆ ಫೋನಲ್ಲಿ ಅದನ್ನೇ ಓದ್ತಿದ್ಲು.

ಸೋಮವಾರ

ಭಾವನ ಆಫೀಸಿನೋರು ಯಾರೋ ಹೇಳಿದ ಒಂದು ವರ್ಕ್‌ಶಾಪು, ಶ್ವೇಬಿಶ್ ಆಲ್ಬ್ ಬೆಟ್ಟದ ಮೇಲೆ ಒಂದು ಹಳ್ಳಿ. ಬೋರ್ಡ್ ಕೂಡ ಇಲ್ಲ, ದನದ ಕೊಟ್ಟಿಗೆ ಇದ್ದ ಜಾಗ. ಮೇಸ್ತ್ರಿಗೆ ಅರವತ್ತರ ಮೇಲೆ, ಜೊತೆಗೆ ಇಬ್ರು ಹುಡುಗ್ರು. ನಮ್ಮ ಮೈಸೂರಿನ ಗ್ಯಾರೇಜ್ ವಾಸನೆಗೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ, ಥಿನ್ನರ್, ಗ್ರೀಸು, ಸುಟ್ಟ ತಗಡು.

ಮಧ್ಯದಲ್ಲಿ ಒಂದು ಅರವತ್ತರ ದಶಕದ 911 ಬಾಡಿ, ಬಣ್ಣ ಎಲ್ಲಾ ತೆಗೆದು ಬರೀ ಲೋಹ. ಬಣ್ಣ ತೆಗೆದ್ಮೇಲೆ ಬಾಡಿ ಸುಳ್ಳು ಹೇಳಲ್ಲ. ಎಡಗಡೆ ಬಾಗಿಲ ಕೆಳಗಿನ ಸಿಲ್‌ನ ಉದ್ದಕ್ಕೂ ಮೂರು ಪದರ ತಗಡು, ಒಬ್ರಾದ್ಮೇಲೆ ಒಬ್ರು ತುಕ್ಕಿನ ಮೇಲೇ ಹೊಸ ತಗಡು ಹೊಡೆದು ಟಾರ್ ಬಳಿದು ಕಳಿಸಿದಾರೆ, ಒಳಗಿನ ಪದರ ಬೆರಳಿಟ್ರೆ ಪುಡಿಪುಡಿ. ಪೋರ್ಷೆ ಕಂಪನಿ ಬಾಡಿಗೆ ಸತು ಲೇಪನ ಶುರು ಮಾಡಿದ್ದು ಎಪ್ಪತ್ತರ ದಶಕದ ನಡುವಿಗೆ, ಅದಕ್ಕೆ ಮುಂಚಿನವೆಲ್ಲ ಹಿಂಗೇ ತಿಂದಿರತ್ತೆ. ಮೇಸ್ತ್ರಿ ಹೇಳಿದ್ದನ್ನ ಭಾವ ಕನ್ನಡ ಮಾಡ್ತಾ ಹೋದ್ರು: ಎಂಬತ್ತರಲ್ಲಿ ಮಾಡಿದ ಕೆಲಸ ಇದು, ಆಗ ಕಾರಿಗೆ ಬೆಲೆ ಇರ್ಲಿಲ್ಲ, ಹಂಗಾಗಿ ಕೆಲಸಕ್ಕೂ ಬೆಲೆ ಇರ್ಲಿಲ್ಲ, ಫಿಟ್‌ನೆಸ್ ಟೆಸ್ಟ್ ಪಾಸಾದ್ರೆ ಸಾಕಿತ್ತು.

ಈಗ ಬಾಡಿ ಒಂದಕ್ಕೇ ಸಾವಿರ ಗಂಟೆ ಕೆಲಸ ಹಿಡಿಯತ್ತಂತೆ, ಗಂಟೆಗೆ ನೂರು ಯೂರೋ ಮೇಲೆ. ಜಾಯಿಂಟುಗಳಿಗೆ ಪುಟ್ಟಿ ಹಾಕಲ್ಲ, ತವರ ಕರಗಿಸಿ ಮರದ ಪಟ್ಟಿಯಲ್ಲಿ ಸವರ್ತಾರೆ. ಒಬ್ಬ ಹುಡುಗ ಅದೇ ಮಾಡ್ತಿದ್ದ, ಬೆಂಕಿ ಒಂದು ಚೂರು ಜಾಸ್ತಿ ಆದ್ರೆ ತವರ ಜಾರಿ ನೆಲಕ್ಕೆ, ಕಮ್ಮಿ ಆದ್ರೆ ಹಿಡಿಯಲ್ಲ, ಅವನು ಉಸಿರು ಬಿಗಿ ಹಿಡ್ಕೊಂಡು ಅಂಚಿನ ಮೇಲೆ ಎಳ್ಕೊಂಡು ಹೋಗೋದನ್ನ ಎಷ್ಟೊತ್ತು ನೋಡ್ತಾ ನಿಂತೆನೋ ಗೊತ್ತಿಲ್ಲ. ಪಾರ್ಟ್ಸ್ ವಿಷಯದಲ್ಲೂ ಈಗ ಕಷ್ಟ ಕಮ್ಮಿ, ಪೋರ್ಷೆ ಕಂಪನಿಯೇ 2018ರಿಂದ ಹಳೇ ಕಾರಿಗೆ ಸಿಗದ ಪಾರ್ಟ್‌ಗಳನ್ನ 3ಡಿ ಪ್ರಿಂಟ್ ಮಾಡಿ ಕೊಡ್ತಿದೆ, 959 ಅನ್ನೋ ಮಾಡೆಲ್‌ನ ಕ್ಲಚ್ ಲಿವರ್ ಅಂಥದ್ದು. ಮುನ್ನೂರೂ ಮಾಡಿರದ ಕಾರಿಗೆ ಅಚ್ಚು ಹಾಕ್ಸೋಕಾಗತ್ತಾ.

ಆದ್ರೆ ಮೇಸ್ತ್ರಿಗೆ ಬೇಜಾರಿರೋದು ಇನ್ನೊಂದು ವಿಷಯಕ್ಕೆ. ದುಡ್ಡು ಹಾಕೋ ಗಿರಾಕಿ ಬಂದು ಕಾರಿನ ತಳಾನೂ ಕನ್ನಡಿ ತರ ಹೊಳೀಬೇಕು ಅಂತಾನಂತೆ. ಫ್ಯಾಕ್ಟರಿಯಲ್ಲಿ ತಳಕ್ಕೆ ಒರಟಾಗಿ ಕೋಟಿಂಗ್ ಹೊಡೆದು ಬಿಡ್ತಿದ್ರು, ಬಾಗಿಲ ಗ್ಯಾಪು ಎಡಕ್ಕೂ ಬಲಕ್ಕೂ ಒಂದೇ ಸಮ ಇರ್ತಿರ್ಲಿಲ್ಲ. ಈಗ ಎಲ್ಲ ಕಡೆ ಒಂದೇ ಗ್ಯಾಪು. ಹೊಸದಾಗಿದ್ದಾಗ್ಲೂ ಈ ಕಾರು ಹಿಂಗಿರ್ಲಿಲ್ಲ ಅಂತ ಮೇಸ್ತ್ರಿ ನಕ್ರು, ಹೇಳಿದಂಗೆ ಮಾಡಿಕೊಡ್ತೀನಿ, ಬಿಲ್ ಕೊಡ್ತೀನಿ ಅಂದ್ರು. ಅದೇ ರೇಟು ನೋಡಿ ಇನ್ನೊಂದು ಕಡೆ ಮೂರು ವಾರದಲ್ಲಿ ಪೇಂಟ್ ಹೊಡೆದು, ಸೀಟ್ ಹೊಲಿಸಿ, ಮೇಳಕ್ಕೆ ತಂದು ನಿಲ್ಲಿಸೋರೂ ಹುಟ್ಕೊಂಡ್ರು, ಅವರ ಕಾರು ಎರಡು ವರ್ಷ ಬಿಟ್ಟು ಬಬಲ್ ಎದ್ದು ಇಲ್ಲಿಗೇ ಬರತ್ತೆ. ಒಳ್ಳೇ ಕೆಲಸಕ್ಕೂ ಕೆಟ್ಟ ಕೆಲಸಕ್ಕೂ ಏರಿದ ರೇಟೇ ಊಟ ಹಾಕ್ತಿರೋದು. ಇವೆರಡರ ಮಧ್ಯೆ ಇರ್ತಿದ್ರಲ್ಲ, ಸ್ವಂತ ಶೆಡ್ಡಲ್ಲಿ ಶನಿವಾರ ಭಾನುವಾರ ಕೂತು ಮಾಡ್ಕೊಳ್ಳೋರು, ಅವರು ಕಮ್ಮಿ ಆಗ್ತಿದಾರೆ, ಯಾಕಂದ್ರೆ ತುಕ್ಕು ಹಿಡಿದ ಬಾಡಿಗೇ ಈಗಿನ ರೇಟಲ್ಲಿ ಕೈ ಹಾಕೋಕಾಗಲ್ಲ.

ಹೊರಡೋವಾಗ ಭಾವ 914 ಬಗ್ಗೆ ಕೇಳಿದ್ರು. ಮೇಸ್ತ್ರಿ ಒಂದೇ ಮಾತು, "ಬ್ಯಾಟರಿ ಕೆಳಗೆ ನೋಡಿ, ಜಾಕ್ ಹಾಕಿ ಬಾಗಿಲು ನೋಡಿ, ಬಣ್ಣ ನೋಡ್ಬೇಡಿ."

ಮಂಗಳವಾರ

ಟ್ಯೂಬಿಂಗೆನ್ ಹತ್ರ ಒಂದು ಮನೆ. ರಿಟೈರ್ಡ್ ಟೀಚರ್ ಒಬ್ರು, 1973ರ ಎರಡು ಲೀಟರ್ 914, ಹಳದಿ ಬಣ್ಣ, ಅವರು ಕೇಳ್ತಿದ್ದಿದ್ದು 31 ಸಾವಿರ ಯೂರೋ. ಬಂಪರ್ ಕ್ರೋಮ್ ಮಂಕಾಗಿತ್ತು, ಡ್ರೈವರ್ ಸೀಟಿನ ಅಂಚು ಹರಿದಿತ್ತು. ಭಾವನ ಮುಖ ಸಣ್ಣದಾಯ್ತು, ಮೇಳದ ಹೊಳಪು ನೋಡಿ ಬಂದ ಕಣ್ಣು ಅಲ್ವಾ. ನಂಗೆ ಒಳಗೊಳಗೇ ಖುಷಿ.

ಹಿಂದಿನ ಇಂಜಿನ್ ಮುಚ್ಚಳ ಎತ್ತಿದೆ. ಈ ಕಾರಲ್ಲಿ ಇಂಜಿನ್ ಮೇಲೆ ಜಾಲರಿ ಇದೆ, ಮಳೆ ನೀರು ಸೀದಾ ಒಳಗೆ ಬೀಳತ್ತೆ, ಬಲಗಡೆ ಬ್ಯಾಟರಿ, ಅದರ ಆ್ಯಸಿಡ್ ಸೋರಿ ನೀರಿನ ಜೊತೆ ಸೇರಿ ಟ್ರೇ ತಿನ್ನತ್ತೆ, ಆಮೇಲೆ ಅದರ ಕೆಳಗಿನ ಉದ್ದ ಚಾಸಿ ತೊಲೆ ತಿನ್ನತ್ತೆ, ಹಿಂದಿನ ಸಸ್ಪೆನ್ಷನ್ ಹಿಡ್ಕೊಂಡಿರೋ ಜಾಗಾನೂ ತಿನ್ನತ್ತೆ. ಇಂಗ್ಲಿಷ್‌ನೋರು ಆ ಜಾಗಕ್ಕೆ ಹೆಲ್ ಹೋಲ್ ಅಂತಾರೆ. ಬ್ಯಾಟರಿ ತೆಗೆದು ಟಾರ್ಚ್ ಬಿಟ್ಟೆ. ಟ್ರೇ ಹೊಸದು, ಒಳ್ಳೇ ಬೆಸುಗೆ. ಅದರ ಕೆಳಗಿನ ಬ್ರಾಕೆಟ್‌ನಲ್ಲಿ ಅಂಗೈಯಗಲ ತುಕ್ಕು, ಸ್ಕ್ರೂಡ್ರೈವರ್ ಚುಚ್ಚಿದ್ರೆ ಒಂದು ಕಡೆ ಒಳಗೆ ಹೋಯ್ತು. ತೊಲೆಗೆ ಚುಚ್ಚಿದೆ, ಟಣ್ ಟಣ್ ಅಂತು. ಮುಂದಕ್ಕೆ ಚುಚ್ಚಿದೆ, ಅಲ್ಲೂ ಗಟ್ಟಿ.

ಆಮೇಲೆ ಛಾವಣಿ ತೆಗೆದು ಬಲಗಡೆ ಜಾಕ್ ಹಾಕಿದ್ವಿ. ತೊಲೆ ಟೊಳ್ಳಾಗಿದ್ರೆ ಕಾರು ಮಧ್ಯ ಬಗ್ಗತ್ತೆ, ಬಾಗಿಲ ಹಿಂದಿನ ಮೇಲ್ತುದಿಯಲ್ಲಿ ಗ್ಯಾಪು ಮುಚ್ಕೊಂಡು ಬಾಗಿಲು ತೆಗಿಯೋಕೇ ಆಗಲ್ಲ. ನಾನು ಗ್ಯಾಪಿಗೆ ಕಣ್ಣಿಟ್ಕೊಂಡು ಕೂತೆ, ಭಾವ ಜಾಕ್ ತಿರುಗಿಸಿದ್ರು, ಚಕ್ರ ನೆಲ ಬಿಡ್ತು, ಗ್ಯಾಪು ಅಲ್ಲಾಡ್ಲಿಲ್ಲ. ಬಾಗಿಲು ತೆಗೆದೆ, ಹಾಕ್ದೆ, ಕ್ಲಿಕ್ ಅಂತು. ಮೀಟರ್ ಇಟ್ರೆ ಬಾಗಿಲು, ಛಾವಣಿ ಪಕ್ಕದ ಕಂಬ ಎಲ್ಲಾ 130ರ ಆಸುಪಾಸು, ಮುಂದಿನ ಬಲ ಫೆಂಡರ್ ಮಾತ್ರ 340, ಒಂದ್ಸಲ ಪೇಂಟ್ ಆಗಿದೆ. ಟೀಚರ್ರು ಕೇಳೋಕೆ ಮುಂಚೆನೇ "ಅದು ನನ್ನ ಮಗ ಗೇಟಿಗೆ ತಾಗಿಸಿದ್ದು" ಅಂತ ಬಿಲ್ ತೋರಿಸಿದ್ರು. ಬಿಲ್‌ಗಳ ಫೈಲೇ ಇತ್ತು ಅವರ ಹತ್ರ, ಆಯಿಲ್ ಚೇಂಜ್‌ದೂ ಬಿಟ್ಟಿಲ್ಲ.

"ಏನಂತೀಯಾ?" ಅಂತ ಭಾವ ಕನ್ನಡದಲ್ಲಿ ಕೇಳಿದ್ರು.

"ತಗೊಳ್ಳಿ ಭಾವ. ಬ್ರಾಕೆಟ್ ಹಾಕ್ಸಿ, ಬೇರೆ ಏನೂ ಮುಟ್ಬೇಡಿ. ಪೇಂಟಂತೂ ಮುಟ್ಲೇಬೇಡಿ."

"ಸೀಟು?"

"ಸೀಟೂ ಬೇಡ."

ಬ್ರಾಕೆಟ್ ತೂತು ತೋರಿಸಿ ಮಾತಾಡಿದ್ವಿ, 29 ಸಾವಿರಕ್ಕೆ ಬಂದ್ರು. ಅಲ್ಲಿಂದ್ಲೇ ಭಾವ ಮೇಸ್ತ್ರಿಗೆ ಫೋನ್ ಮಾಡಿದ್ರು, ಬ್ರಾಕೆಟ್ ಕೆಲಸಕ್ಕೆ ಡೇಟ್ ಸಿಕ್ಕಿದ್ದು ಮುಂದಿನ ಫೆಬ್ರವರಿಗೆ, ಅಲ್ಲೀವರೆಗೂ ಮಳೆಯಲ್ಲಿ ತೆಗೀಬೇಡಿ, ಬ್ಯಾಟರಿ ಬಿಚ್ಚಿಡಿ ಅಂದ್ರಂತೆ. ಅಕ್ಕನಿಗೆ ರೇಟ್ ಹೇಳೋ ಕೆಲಸ ಭಾವ ನನ್ನ ಮೇಲೆ ಹಾಕಿದ್ರು, ನಾನು ಎಚ್ ಪ್ಲೇಟಿನ 191 ಯೂರೋ ಟ್ಯಾಕ್ಸಿಂದ ಶುರು ಮಾಡ್ದೆ.